ಅಕ್ಕನ ಬೀರು ತುಂಬಿದ ಆಷಾಢ

ಮೊನ್ನೆ ಮತ್ತೆ ಎರಡು ಸೀರೆ ತಂದೆ. ಮನೆಯಿಂದ ಹೊರಟಿದ್ದು ಅವೆನ್ಯೂ ರಸ್ತೆಯಲ್ಲಿ ಕನ್ನಡಕದ ಫ್ರೇಮು ಸರಿಮಾಡಿಸಿಕೊಂಡು ಬರೋಣವೆಂದು. ಚಿಕ್ಕಪೇಟೆಯ ಮೂಲೆ ತಿರುಗಿದರೆ ಅಂಗಡಿ ಅಂಗಡಿಗೂ ಆಷಾಢದ ರಿಯಾಯಿತಿಯ ಬೋರ್ಡು. ಒಳಗೆ ಹೋಗಿ ಸುಮ್ಮನೆ ನೋಡಿಕೊಂಡು ಬರುತ್ತೇನೆ ಅಂದುಕೊಂಡೆ. ನನ್ನ ವಯಸ್ಸಿನವಳು ತನಗೆ ತಾನೇ ಹೇಳಿಕೊಳ್ಳುವ ಸುಳ್ಳುಗಳಿಗೆ ಲೆಕ್ಕವಿಲ್ಲ. ಮನೆಗೆ ಬಂದು ಬೀರು ತೆರೆದರೆ ಬೆರಳು ತೂರಿಸಲು ಜಾಗವಿರಲಿಲ್ಲ. ಮಧ್ಯದ ಖಾನೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಹೊಸ ಸೀರೆಗಳನ್ನು ಅಡ್ಡಡ್ಡ ತುರುಕಿ, ಬಾಗಿಲಿಗೆ ಸೊಂಟ ಕೊಟ್ಟು ತಳ್ಳಿದೆ. ತಳ್ಳುವಾಗ ಒಳಗಿನಿಂದ ಆ ವಾಸನೆ ಬಂತು. ಹೊಸ ಬಟ್ಟೆಯ ಗಂಜಿ, ಹಳೆಯ ರೇಷ್ಮೆ, ನ್ಯಾಫ್ತಲಿನ್ ಗುಳಿಗೆ, ಎಲ್ಲ ಬೆರೆತ ವಾಸನೆ. ಬೇರೆಯವರಿಗೆ ಅದು ಬರೀ ಬೀರುವಿನ ವಾಸನೆ. ನನಗೆ ಅದು ನಾಲ್ಕು ವರ್ಷದ ಹಿಂದಿನ ಆಷಾಢ. ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ.

ನಾವು ಅಕ್ಕತಂಗಿ ಇಬ್ಬರೇ. ಚಾಮರಾಜಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಎರಡು ಕೋಣೆ, ಒಂದು ಹಜಾರ, ಹಿಂದೆ ಬಟ್ಟೆ ಒಗೆಯುವ ಕಲ್ಲು ಇರುವ ಪುಟ್ಟ ಅಂಗಳ. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರು ಒಂದು ಕಾಲದಲ್ಲಿ ಬಹಳ ಇದ್ದರು. ಅವರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದವರಿಗೆ ಕೇಳುವುದೇ ಮರೆತುಹೋಗಿದೆ. ಅಕ್ಕ ಸುಶೀಲ ಮಲ್ಲೇಶ್ವರದ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು. ನಾನು ಒಂದು ವಿಮಾ ಕಚೇರಿಯಲ್ಲಿ ಕ್ಲರ್ಕು. ಇಬ್ಬರಿಗೂ ಇದ್ದದ್ದು ಒಂದೇ ಚಟ, ಸೀರೆ. ಒಡವೆಯ ಆಸೆ ಇರಲಿಲ್ಲ, ಊರೂರು ಸುತ್ತುವ ಆಸೆ ಇರಲಿಲ್ಲ. ತಿಂಗಳಿಗೊಂದು ಶನಿವಾರ ಚಿಕ್ಕಪೇಟೆಗೆ ಹೋಗಿ, ಬಿಳಿ ಹಾಸಿನ ಮೇಲೆ ಕಾಲು ಮಡಿಸಿ ಕೂತು, ಅಂಗಡಿಯವನು ಒಂದಾದ ಮೇಲೊಂದು ಸೀರೆ ಬಿಡಿಸಿ ಹಾಕುವುದನ್ನು ನೋಡುವುದರಲ್ಲಿ ನಮಗೆ ಎಲ್ಲ ಸುಖವೂ ಸಿಗುತ್ತಿತ್ತು. ಅಕ್ಕ ಒಂದು ಸೀರೆ ಉಟ್ಟು ಶಾಲೆಗೆ ಹೋದರೆ ಅದೇ ಸೀರೆ ಮತ್ತೆ ತರಗತಿಗೆ ಬರಲು ತಿಂಗಳು ಕಳೆಯಬೇಕು. ಹಿಂದಿನ ಬೆಂಚಿನ ಹುಡುಗಿಯರು ಇವತ್ತು ಮಿಸ್ಸಿನದು ಯಾವ ಬಣ್ಣ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ಅದನ್ನು ಅಕ್ಕ ಬೈದುಕೊಂಡೇ ಹೇಳುತ್ತಿದ್ದಳು, ಖುಷಿಯನ್ನು ಮುಚ್ಚಿಡಲು ಮಾತ್ರ ಅವಳಿಗೆ ಬರುತ್ತಿರಲಿಲ್ಲ.

ಬೀರು ಅಮ್ಮನ ಕಾಲದ್ದು. ಹಸಿರು ಬಣ್ಣದ ಕಬ್ಬಿಣದ ಬೀರು, ಒಂದು ಬಾಗಿಲಿಗೆ ಕನ್ನಡಿ. ಎಡಗಡೆ ಅಕ್ಕನದು, ಬಲಗಡೆ ನನ್ನದು ಎಂದು ಶುರುವಾಗಿ, ಆಮೇಲೆ ಗಡಿ ಯಾವುದೆಂದು ಇಬ್ಬರಿಗೂ ತಿಳಿಯದ ಹಾಗೆ ತುಂಬಿಹೋಗಿತ್ತು. ಅದು ಸಾಲದೆ ಗೋಡೆಗೆ ಮರದ ಕಪಾಟು ಮಾಡಿಸಿದೆವು, ಅದೂ ತುಂಬಿತು. ಮಂಚದ ಕೆಳಗೆ ಸೂಟ್‌ಕೇಸು ಬಂತು. ವರ್ಷಕ್ಕೊಮ್ಮೆ ಎಲ್ಲ ಹೊರಗೆ ಹಾಕಿ, ಇನ್ನು ಸಾಕು, ಇನ್ನು ತರುವುದು ಬೇಡ ಎಂದು ಆಣೆ ಮಾಡಿ, ಮಡಿಕೆ ಬದಲಾಯಿಸಿ, ಮತ್ತೆ ಅಷ್ಟನ್ನೂ ಒಳಗಿಡುತ್ತಿದ್ದೆವು. ಆ ಆಣೆಗೆ ಹದಿನೈದು ದಿನಕ್ಕಿಂತ ಹೆಚ್ಚು ಆಯಸ್ಸು ಇದ್ದದ್ದು ನನಗೆ ನೆನಪಿಲ್ಲ.

ಆ ವರ್ಷ ಜ್ಯೇಷ್ಠದ ಕೊನೆಯಲ್ಲಿ ಡಾಕ್ಟರು ಅಕ್ಕನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಹೊಟ್ಟೆಯ ಗಡ್ಡೆ ಎಲ್ಲ ಕಡೆ ಹರಡಿದೆ, ಇನ್ನು ಔಷಧಿ ಕೊಡುವುದು ಅವರಿಗೆ ಹಿಂಸೆ, ನೋವಿಗೆ ಮಾತ್ರೆ ಬರೆದುಕೊಡುತ್ತೇನೆ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗೆ ಬಂದರೆ ಅಕ್ಕ ನನ್ನ ಮುಖ ನೋಡಿ, ಏನೂ ಕೇಳದೆ, ಆಟೋ ಹಿಡಿ, ಮನೇಲಿ ಹಾಲು ಹಾಗೇ ಇಟ್ಟು ಬಂದಿದೀನಿ ಎಂದಳು. ದಾರಿಯುದ್ದಕ್ಕೂ ನನ್ನ ಕೈ ಅವಳ ಕೈಯಲ್ಲಿತ್ತು.

ಆಷಾಢದ ಗಾಳಿ ಶುರುವಾಯಿತು. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿಯೇ ಜಾಸ್ತಿ. ದಿನವಿಡೀ ಮೋಡ, ಆಗಾಗ ಜಿನುಗು, ಒಗೆದ ಬಟ್ಟೆ ಎರಡು ದಿನವಾದರೂ ಒಣಗದೆ ಮುಗ್ಗುಲು ಹಿಡಿಯುತ್ತದೆ. ಒಂದು ಸಂಜೆ ನಾನು ಕಚೇರಿಯಿಂದ ಬರುವಷ್ಟರಲ್ಲಿ ಬಾಗಿಲ ಬಳಿ ಪಾತ್ರೆಯವಳು ಕೂತಿದ್ದಳು. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲು ಪಾತ್ರೆ ಕೊಡುವ ಹೆಂಗಸು. ಅವಳ ಮುಂದೆ ಅಕ್ಕನ ಶಾಲೆಯ ಕಾಟನ್ ಸೀರೆಗಳ ಗುಡ್ಡೆ. ಅಕ್ಕ ನೈಟಿಯ ಮೇಲೆ ಟವಲು ಹೊದ್ದು ಹೊಸ್ತಿಲಿಗೆ ಒರಗಿ ಕೂತು, ಒಂದೊಂದನ್ನೇ ಬಿಡಿಸಿ ಸೆರಗು ನೋಡಿ ಕೊಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ನಾನು ಒಳಗೆ ಹೋಗಿ ಬೀರು ನೋಡಿದೆ. ಕೆಳಗಿನ ಎರಡು ಖಾನೆ ಖಾಲಿ. ಕಬ್ಬಿಣದ ತಳ ಕಾಣುತ್ತಿತ್ತು, ಅಮ್ಮ ಹಾಸಿದ್ದ ಹಳೆಯ ದಿನಪತ್ರಿಕೆ ಕಾಣುತ್ತಿತ್ತು. ಖಾಲಿ ಖಾನೆ ಎಂದರೆ ಏನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಚಿಕ್ಕಪೇಟೆಗೆ ಹೋದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬಳೇ ಹೋಗಿ ಸೀರೆ ಆರಿಸಿದೆ. ಮಾವಿನ ಚಿಗುರಿನ ಬಣ್ಣಕ್ಕೆ ಕಡುನೀಲಿ ಅಂಚಿನ ಒಂದು ಸೀರೆ. ಮನೆಗೆ ತಂದು ಅಕ್ಕನ ಮಡಿಲಲ್ಲಿಟ್ಟು ಗೌರಿ ಹಬ್ಬಕ್ಕೆ ಎಂದೆ. ಗೌರಿ ಹಬ್ಬ ಎರಡು ತಿಂಗಳು ದೂರವಿತ್ತು. ಅಕ್ಕ ಸೆರಗಿನ ಜರಿಯನ್ನು ಉಗುರಿನಿಂದ ಕೆರೆದು ನೋಡಿ, ಚೆನ್ನಾಗಿದೆ ಕಣೇ ಎಂದಳು. ಅಷ್ಟೇ. ಅದನ್ನು ಖಾಲಿಯಾದ ಖಾನೆಯಲ್ಲಿಟ್ಟೆ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಅದೇ ಕೆಟ್ಟಿದ್ದು.

ಆಮೇಲೆ ನನಗೆ ಹುಚ್ಚು ಹಿಡಿಯಿತೆಂದೇ ಹೇಳಬೇಕು. ಅವಳು ಹಗಲು ಖಾಲಿ ಮಾಡುತ್ತಿದ್ದಳು, ನಾನು ಸಂಜೆ ತುಂಬುತ್ತಿದ್ದೆ. ದಸರಾಕ್ಕೆ ಒಂದು, ದೀಪಾವಳಿಗೆ ಎರಡು, ಸಂಕ್ರಾಂತಿಗೆ ಒಂದು. ಯುಗಾದಿಗೆ ಬೇರೆ ಸ್ವಲ್ಪ ಭಾರದ್ದೇ ಇರಲಿ ಎಂದು ಕಂಚಿಯದು ತಂದೆ. ಉಡದ ಸೀರೆ ಮನೆಯಲ್ಲಿ ಕಾದಿದ್ದರೆ ಉಡುವವಳು ಹೇಗೆ ಹೋಗುತ್ತಾಳೆ? ಇದು ನನ್ನ ತರ್ಕ. ಓದಿದವಳು, ಕಚೇರಿಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ದೇವರಿಗೆ ಹರಕೆ ಹೊರುವವರನ್ನು ಕಂಡರೆ ನಗುವವಳು, ಸೀರೆ ಅಂಗಡಿಯಲ್ಲಿ ಕೂತು ಇಂಥ ತರ್ಕ ಮಾಡುತ್ತಿದ್ದೆ. ಅಕ್ಕನಿಗೆ ಆಗಲೇ ಸೀರೆ ಉಡಲು ಆಗುತ್ತಿರಲಿಲ್ಲ. ಸೊಂಟಕ್ಕೆ ಲಂಗದ ಲಾಡಿ ಬಿಗಿದರೆ ನೋವು. ಇಡೀ ದಿನ ನೈಟಿಯಲ್ಲೇ ಇರುತ್ತಿದ್ದಳು. ಆ ನೈಟಿಗಳು ಕೂಡ ಭುಜದಿಂದ ಜಾರುತ್ತಿದ್ದವು.

ಪ್ರತಿ ಸೀರೆಗೂ ಫಾಲ್ಸು ಹಾಕಿಸಿದೆ, ಕುಚ್ಚು ಕಟ್ಟಿಸಿದೆ, ಬ್ಲೌಸು ಹೊಲಿಯಲು ಕೊಟ್ಟೆ. ನಮ್ಮ ಟೈಲರು ಮೂರು ರಸ್ತೆ ಆಚೆ ಇದ್ದವರು, ಇಪ್ಪತ್ತು ವರ್ಷದಿಂದ ನಮ್ಮಿಬ್ಬರಿಗೂ ಹೊಲಿದವರು. ಅಳತೆಗೆಂದು ನಾನು ಕೊಟ್ಟ ಅಕ್ಕನ ಹಳೆಯ ಬ್ಲೌಸನ್ನು ಅವರು ಮೇಜಿನ ಮೇಲೆ ಹಾಸಿ, ಸ್ವಲ್ಪ ಹೊತ್ತು ಟೇಪು ಹಿಡಿದುಕೊಂಡೇ ನಿಂತರು. ಹಿಂದಿನ ವಾರ ಟೀಚರನ್ನು ಆಟೋದಲ್ಲಿ ನೋಡಿದೆ, ಬಹಳ ಇಳಿದುಹೋಗಿದ್ದಾರೆ, ಒಂದು ಸಲ ಮನೆಗೇ ಬಂದು ಅಳತೆ ತೆಗೆದುಕೊಳ್ಳಲೇ ಎಂದು ಮೆಲ್ಲಗೆ ಕೇಳಿದರು. ಬೇಡ, ಇದೇ ಅಳತೆಗೆ ಹೊಲಿಯಿರಿ, ಅವರು ಮತ್ತೆ ತುಂಬಿಕೊಳ್ಳುತ್ತಾರೆ ಎಂದೆ. ಟೈಲರು ತಲೆಯಾಡಿಸಿದರು. ಆರು ಬ್ಲೌಸನ್ನೂ ಹಳೆಯ ಅಳತೆಗೇ ಹೊಲಿದುಕೊಟ್ಟರು.

ಕಾಟನ್ ಸೀರೆ ಮುಗಿದ ಮೇಲೆ ಒಂದು ಭಾನುವಾರ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡಳು. ರೇಷ್ಮೆಯವು ಪಾತ್ರೆಯವಳಿಗೆ ಕೊಡುವಂಥವಲ್ಲ, ಅವನ್ನು ಕರೆದು ಕೊಡಬೇಕು ಎಂದಳು. ಯಾರು ಯಾರೆಂದು ಅವಳ ಮನಸ್ಸಿನಲ್ಲಿತ್ತು. ಸೋದರತ್ತೆಯ ಮೊಮ್ಮಗಳು, ಜೊತೆಯಲ್ಲಿ ಪಾಠ ಮಾಡಿದವರು, ಎದುರುಮನೆಯ ಸೊಸೆ, ಹೀಗೆ. ಒಬ್ಬೊಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೀರೆಯನ್ನು ಅವಳೇ ಕೈಯಾರೆ ಮಡಿಲಿಗೆ ಹಾಕಬೇಕು. ನಾನು ಆ ಮಾತು ಈಗ ಯಾಕೆ ಎಂದು ಎದ್ದುಹೋಗಲು ನೋಡಿದೆ. ಅವಳು ಕೈ ಹಿಡಿದು ಕೂರಿಸಿದಳು.

"ಅಮ್ಮನ ಸೀರೆ ಏನಾಯ್ತು ನೆನಪಿದ್ಯಾ ವಸು? ಅಷ್ಟು ಚೆನ್ನಾಗಿದ್ವು. ಸತ್ತೋರ ಸೀರೆ ಅಂತ ಯಾರೂ ಕೈಗೆ ತಗೊಳ್ಳಲಿಲ್ಲ. ಮಡಿಕೆ ಮಡಿಕೇಲೇ ಸೀಳಿ ಹೋದ್ವು. ನನ್ನವು ಹಾಗಾಗೋದು ಬೇಡ ಕಣೇ. ನಾನಿರೋವಾಗ್ಲೇ ಕೊಡ್ತೀನಿ. ಅವರು ಉಟ್ಕೊಂಡಿದ್ದನ್ನ ನಾನು ನೋಡ್ಬೇಕು."

ಅವಳು ಆ ಖಾಯಿಲೆಯಲ್ಲಿ ನನ್ನನ್ನು ಕೇಳಿದ್ದು ಇದೊಂದೇ. ನೋವು ಎಂದು ಕೂಡ ಬಾಯಿಬಿಟ್ಟು ಹೇಳಿದವಳಲ್ಲ. ಆಯಿತು ಅಕ್ಕ, ನಾಳೆಯೇ ಎಲ್ಲರನ್ನೂ ಕರೆಯೋಣ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಆ ಹೆಂಗಸರೆಲ್ಲ ಸಾಲಾಗಿ ಬಂದು ಒಂದೊಂದು ಸೀರೆ ತೆಗೆದುಕೊಂಡು ಹೋಗಿ, ಬೀರು ಬರಿದಾಗಿ, ಆಮೇಲೆ ಅಕ್ಕ ಎದ್ದು ಹೊರಟೇಬಿಡುತ್ತಾಳೆ ಎಂದು ನನಗೆ ಅನ್ನಿಸಿತು. ಬಾಯಿಗೆ ಬಂದ ನೆಪ ಹೇಳಿದೆ. ಇದು ಆಷಾಢ, ಅರಿಶಿನ ಕುಂಕುಮ ಇಟ್ಟು ಸೀರೆ ಕೊಡುವುದು ಇಂಥ ತಿಂಗಳಲ್ಲಿ ಬೇಡ, ಶ್ರಾವಣದ ಮೊದಲ ಶುಕ್ರವಾರ ಎಲ್ಲರನ್ನೂ ಕರೆದು ಚೆನ್ನಾಗಿ ಮಾಡೋಣ ಎಂದೆ.

ಅಕ್ಕ ನನ್ನನ್ನೇ ನೋಡಿದಳು. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವಳ ನೋಟ ಅದು.

"ಕೊಂಡ್ಕೊಂಡು ಬರೋಕೆ ಅಡ್ಡ ಬರದೇ ಇರೋ ಆಷಾಢ ಕೊಡೋಕೆ ಅಡ್ಡ ಬಂತೇನೇ?"

ಅವಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡು, ಸರಿ ಬಿಡು, ತಗೊಳ್ಳೋರ ಮನಸ್ಸಿಗೂ ಏನೂ ಅನ್ನಿಸಬಾರದಲ್ಲ, ಶ್ರಾವಣಕ್ಕೇ ಆಗಲಿ ಎಂದಳು. ಯಾವ ಸೀರೆ ಯಾರಿಗೆ ಎಂದಾದರೂ ಕೇಳಿಸಿಕೋ ಎಂದಳು. ಅದನ್ನೂ ಆಮೇಲೆ ಕೇಳುತ್ತೇನೆ ಎಂದು ಒಲೆಯ ಮೇಲೆ ಏನೋ ಇದೆಯೆಂದು ಎದ್ದು ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಆ ವಾರದಲ್ಲೇ ಗಿರಿಜಮ್ಮ ಬಂದರು. ಅಕ್ಕನ ಶಾಲೆಯಲ್ಲಿ ಆಯಾ ಆಗಿದ್ದವರು, ಶ್ರೀರಾಂಪುರದವರು. ಅಕ್ಕ ಕೆಲಸಕ್ಕೆ ಸೇರಿದ ವರ್ಷವೇ ಅವರೂ ಸೇರಿದ್ದು. ಗಂಟೆ ಹೊಡೆಯುವುದರಿಂದ ಹಿಡಿದು ಬಿದ್ದ ಮಕ್ಕಳ ಮೊಣಕಾಲಿಗೆ ಔಷಧಿ ಹಚ್ಚುವವರೆಗೂ ಎಲ್ಲ ಅವರದೇ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದರು. ಎರಡು ಬಸ್ಸು ಬದಲಾಯಿಸಿ, ಮಾರ್ಕೆಟ್ಟಿನಲ್ಲಿ ಇಳಿದು, ಸೀಬೆಹಣ್ಣು ಕಟ್ಟಿಸಿಕೊಂಡು, ಆ ಗಾಳಿಯಲ್ಲಿ ನಡೆದೇ ಬಂದಿದ್ದರು. ಅಕ್ಕನನ್ನು ನೋಡಿ ಅಳಲಿಲ್ಲ. ಹತ್ತಿರ ಕೂತು, ಏನು ಮೇಡಮ್ಮೋರೇ ಹೀಗೆ ಮಾಡ್ಕೊಂಡ್ರಿ ಎಂದು ಪಾದ ಒತ್ತತೊಡಗಿದರು. ಅಕ್ಕ ಬೇಡವೆನ್ನಲಿಲ್ಲ.

ನಾನು ಕಾಫಿ ಮಾಡಿ ತರುವಷ್ಟರಲ್ಲಿ ಅಕ್ಕ ಬೀರು ತೆಗೆಸಿದ್ದಳು. ನಿಮಗೆ ಯಾವುದು ಇಷ್ಟವೋ ನೀವೇ ಆರಿಸಿಕೊಳ್ಳಿ ಎಂದಿದ್ದಳಂತೆ. ಗಿರಿಜಮ್ಮ ಬಹಳ ಹೊತ್ತು ಕೈ ಕಟ್ಟಿಕೊಂಡು ನಿಂತು, ಕೊನೆಗೆ ಒಂದನ್ನು ಎಳೆದಿದ್ದರು. ಬದನೆಕಾಯಿ ಬಣ್ಣದ ರೇಷ್ಮೆ ಸೀರೆ, ಅಕ್ಕ ನಿವೃತ್ತಿಯ ದಿನ ಉಟ್ಟಿದ್ದು. ಅದನ್ನು ಮಡಿಲಲ್ಲಿಟ್ಟುಕೊಂಡು ಅಂಗೈಯಿಂದ ಸವರುತ್ತಿದ್ದರು. ಅಕ್ಕ ಕುಂಕುಮದ ಬಟ್ಟಲು ಕೊಡು ಎಂದು ನನಗೆ ಸನ್ನೆ ಮಾಡಿದಳು. ನಾನು ಕಾಫಿಯ ಲೋಟ ಕೆಳಗಿಟ್ಟೆ. ಗಿರಿಜಮ್ಮ, ಈಗ ಆಷಾಢ ಅಲ್ವಾ, ಶ್ರಾವಣದ ಮೊದಲನೇ ಶುಕ್ರವಾರ ಬನ್ನಿ, ಅಕ್ಕ ಎಲ್ಲರಿಗೂ ಕರೆದು ಕೊಡ್ತಾಳೆ ಎಂದೆ. ಅವರು ಒಂದು ಗಳಿಗೆ ಅಕ್ಕನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಯ್ತಮ್ಮ, ಹಾಗೇ ಮಾಡಿ ಎಂದು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ನಾನು ಅದನ್ನು ಮಡಿಕೆ ಸರಿಮಾಡಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಇಷ್ಟು ಸಣ್ಣ ಕೆಲಸ. ಒಂದು ನಿಮಿಷ ಕೂಡ ಹಿಡಿದಿರಲಿಕ್ಕಿಲ್ಲ.

ಅಲ್ಲಿಂದ ಮುಂದೆ ಅಕ್ಕ ಬೀರುವಿನ ಹತ್ತಿರ ಹೋಗಲಿಲ್ಲ. ಖಾಲಿ ಮಾಡುವುದನ್ನು ಬಿಟ್ಟಳು. ನನಗೆ ಅದೇ ಗೆಲುವು ಎನ್ನಿಸಿತು, ನೋಡಿ. ಇನ್ನೆರಡು ಸೀರೆ ತಂದೆ. ಅವಳು ಅವುಗಳ ಜರಿ ಕೆರೆದು ನೋಡಲಿಲ್ಲ. ಮುಂದಿನ ವಾರ ಮಾತು ತೊದಲಿತು, ನೋವಿನ ಮಾತ್ರೆ ಹೆಚ್ಚಾಯಿತು, ಹಗಲೆಲ್ಲ ಮಂಪರು. ಆಗ ನನಗೆ ಭಯವಾಗಿ, ಹಾಸಿಗೆಯ ಮೇಲೆ ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಹಿಡಿದು, ಇದು ಯಾರಿಗೆ ಅಕ್ಕ, ಇದು ಯಾರಿಗೆ ಎಂದು ಕೇಳಿದೆ. ಅವಳು ಕಣ್ಣು ತೆರೆದು ಸೀರೆ ನೋಡಿ ಏನೋ ಹೇಳಲು ತುಟಿ ಆಡಿಸುವಳು. ಅರ್ಥವಾಗುತ್ತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಹಿಡಿದಾಗ ಕೈಯಿಂದ ಸಾಕು ಎಂದು ಸರಿಸಿದಳು. ಕೇಳಬೇಕಾದಾಗ ಕಿವಿ ಮುಚ್ಚಿಕೊಂಡವಳಿಗೆ ಇನ್ನೇನು ಸಿಗುತ್ತದೆ?

ಭೀಮನ ಅಮಾವಾಸ್ಯೆಗೆ ಎರಡು ದಿನ ಮುಂಚೆ, ಶನಿವಾರ ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿರುವಾಗ ಅಕ್ಕ ಹೋದಳು. ದೊಡ್ಡಪ್ಪನ ಮಗ ತ್ಯಾಗರಾಜನಗರದಿಂದ ಹೆಂಡತಿಯ ಜೊತೆ ಬಂದ, ಮುಂದಿನದನ್ನೆಲ್ಲ ಅವನೇ ನೋಡಿಕೊಂಡ. ಮೀಯಿಸಿದ ಮೇಲೆ ಅವನ ಹೆಂಡತಿ ನನ್ನ ಹತ್ತಿರ ಬಂದು, ಉಡಿಸಲು ಒಂದು ಹೊಸ ಸೀರೆ ಇದ್ದರೆ ಕೊಡಿ, ಇಲ್ಲದಿದ್ದರೆ ಯಾರನ್ನಾದರೂ ಅಂಗಡಿಗೆ ಕಳಿಸುತ್ತೇನೆ ಎಂದಳು. ಬೀರು ತೆರೆದೆ. ಹೊಸ ಸೀರೆಗಳು ಹಬ್ಬದ ಸಾಲಿನಲ್ಲೇ ಇದ್ದವು. ಅಕ್ಕ ಚೆನ್ನಾಗಿದೆ ಎಂದದ್ದು ಗೌರಿ ಹಬ್ಬದ್ದೊಂದನ್ನೇ. ಅದನ್ನೇ ಕೊಟ್ಟೆ. ಅದರ ಬ್ಲೌಸು ಅವಳಿಗೆ ಎರಡು ಪಾಲು ದೊಡ್ಡದಾಗಿತ್ತು. ಹಿಂದೆ ಮಡಿಸಿ ಪಿನ್ನು ಹಾಕಿದರು.

ಸೂತಕದ ಮನೆಯಲ್ಲಿ ದಿನಗಳು ಹೇಗೆ ಹೋಗುತ್ತವೆ ಎಂದು ಗೊತ್ತಾಗುವುದಿಲ್ಲ. ಶ್ರಾವಣ ಹುಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಬೀದಿಯಲ್ಲಿ ಹೂವಿನವರ ಕೂಗು, ಎಲ್ಲರ ಬಾಗಿಲಿಗೂ ತೋರಣ, ನಮ್ಮ ಬಾಗಿಲಲ್ಲಿ ರಂಗೋಲಿ ಕೂಡ ಇಲ್ಲ. ಅಕ್ಕ ಕರೆಯಬೇಕೆಂದಿದ್ದವರಿಗೆಲ್ಲ ಸುದ್ದಿ ಮುಟ್ಟಿತ್ತು. ಗಿರಿಜಮ್ಮನಿಗೆ ಫೋನು ಇರಲಿಲ್ಲ, ಅವರ ನೆನಪು ನನಗೆ ಬಂದಿರಲೂ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಗೇಟಿನ ಸದ್ದಾಯಿತು. ಎಣ್ಣೆ ಹಾಕಿ ಬಾಚಿದ ತಲೆ, ಮುಡಿದ ಹೂವು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ತೆಂಗಿನಕಾಯಿ ಮತ್ತು ಬಾಳೆ ಎಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ. ಮೇಡಮ್ಮೋರು ಹೇಗಿದಾರಮ್ಮ ಎಂದು ನಗುತ್ತಾ ಮೆಟ್ಟಿಲು ಹತ್ತಿದರು.

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವರು ಮೇಲಿನ ಮೆಟ್ಟಿಲಿನ ಮೇಲೆ ಹಾಗೇ ಕೂತರು. ಯಾವತ್ತು ಎಂದು ಕೇಳಿದರು, ಕೊನೆಗೆ ನೋವಿತ್ತಾ ಎಂದು ಕೇಳಿದರು. ಆಮೇಲೆ ಮುಡಿದ ಹೂವನ್ನು ತೆಗೆದು ಎಲೆಯೊಳಗೆ ಸೇರಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಇದೆಲ್ಲ ಕಳೆದ ಮೇಲೆ ನಾನೇ ಶ್ರೀರಾಂಪುರಕ್ಕೆ ಬಂದು ಆ ಸೀರೆ ಕೊಟ್ಟು ಹೋಗುತ್ತೇನೆ, ದಯವಿಟ್ಟು ಇಟ್ಟುಕೊಳ್ಳಿ ಎಂದೆ.

"ಬೇಡಮ್ಮ" ಎಂದರು ಗಿರಿಜಮ್ಮ. "ಅವರ ಕೈಯಿಂದ ತಗೊಂಡಿದ್ರೆ ಸಾಯೋವರೆಗೂ ಉಡ್ತಿದ್ದೆ. ಈಗ ತಗೊಂಡು ಹೋದ್ರೆ ಮನೇಲಿ ಸೊಸೆ ಒಳಗಿಡೋಕೆ ಬಿಡಲ್ಲ."

ಅವರು ಎದ್ದು, ತೆಂಗಿನಕಾಯಿಯನ್ನು ಕೊಡುವುದೋ ಬೇಡವೋ ಎಂದು ತಿಳಿಯದೆ, ಮತ್ತೆ ಚೀಲಕ್ಕೆ ಹಾಕಿಕೊಂಡರು. ಎರಡು ಮೆಟ್ಟಿಲು ಇಳಿದು ನಿಂತರು. ಅಲ್ಲಿಂದ ಆಡಿದ ಮಾತು ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಅವರಿಗೆ ಅದು ಅವರದೇ ತಪ್ಪು ಎನ್ನಿಸಿತ್ತು.

"ಅವತ್ತೇ ತಗೊಂಡು ಹೋಗಿದ್ರೆ ಆಗ್ತಿತ್ತಮ್ಮ, ಕೊಡೋ ಜೀವಕ್ಕೆ ಸಮಾಧಾನ ಆಗ್ತಿತ್ತು. ನಮ್ಮಲ್ಲಿ ಇದಕ್ಕೆಲ್ಲ ಆಷಾಢ ನೋಡಲ್ಲ. ನಿಮ್ಮನೇಲಿ ನೋಡ್ತೀರೇನೋ ಅಂತ ಸುಮ್ಮನಾದೆ."

ನಮ್ಮ ಮನೆಯಲ್ಲೂ ಯಾರೂ ಯಾವತ್ತೂ ನೋಡಿದವರಲ್ಲ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಅವರು ಗೇಟು ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ಹೋದರು.